ಕಂಪ್ಯೂಟರ್ ಕೊಡುತ್ತೇವೆ ಎಂದು ಕಂಪನಿ ಬಂದಾಗ

ಫೆಬ್ರುವರಿ ಕೊನೆಯ ವಾರದಲ್ಲಿ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಇಂಥದೊಂದು ಫೋನ್ ಬರುವುದುಂಟು: ‘ಸರ್, ನಿಮ್ಮ ಶಾಲೆಗೆ ಹತ್ತು ಕಂಪ್ಯೂಟರ್, ಒಂದು ಸ್ಮಾರ್ಟ್ ಬೋರ್ಡ್ ಕೊಡ್ತೀವಿ. ಒಪ್ಪಿಗೆ ಪತ್ರ ಮಾತ್ರ ಈ ವಾರವೇ ಬೇಕು.’ ಪರೀಕ್ಷೆಯ ಸಿದ್ಧತೆ, ಬಿಸಿಯೂಟದ ಲೆಕ್ಕ, ಮೇಲಿನ ಕಚೇರಿ ದಿನಕ್ಕೊಂದು ಕೇಳುವ ಮಾಹಿತಿ, ಇಷ್ಟರಲ್ಲಿ ಮುಳುಗಿರುವ ಮುಖ್ಯ ಶಿಕ್ಷಕರು ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆದು, ಮೊಹರು ಒತ್ತಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಮಾರ್ಚ್ ಮೂರನೇ ವಾರ ಟೆಂಪೊ ಬರುತ್ತದೆ. ಪೆಟ್ಟಿಗೆ ಇಳಿಯುತ್ತವೆ, ಬ್ಯಾನರ್ ಕಟ್ಟುತ್ತಾರೆ, ಫೋಟೊ ಆಗುತ್ತದೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಪೆಟ್ಟಿಗೆ ಬಿಚ್ಚುವುದು ಜೂನ್‌ನಲ್ಲಿ. ಅಷ್ಟರೊಳಗೆ ಒಂದು ವರ್ಷದ ವಾರಂಟಿಯಲ್ಲಿ ಎರಡು ಮೂರು ತಿಂಗಳು ಕಳೆದೇ ಹೋಗಿರುತ್ತವೆ.

ಇದನ್ನು ಯಾರೋ ಹೇಳಿದ್ದು ಕೇಳಿ ಬರೆಯುತ್ತಿಲ್ಲ. ಮಗಳು ಓದುತ್ತಿದ್ದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ನಾನು ಸದಸ್ಯನಾಗಿದ್ದೆ. ನಾನು ಸೇರುವ ಹೊತ್ತಿಗೆ ಅಲ್ಲಿ ಒಂದು ಕೋಣೆಗೆ ‘ಕಂಪ್ಯೂಟರ್ ಲ್ಯಾಬ್’ ಎಂಬ ಬೋರ್ಡೂ ಇತ್ತು, ಬೀಗವೂ ಇತ್ತು. ಬೀಗದ ಕೈ ವರ್ಗವಾಗಿ ಹೋದ ಮೇಷ್ಟ್ರ ಹತ್ತಿರವೇ ಉಳಿದಿತ್ತು. ಬೀಗ ಒಡೆಸಿ ಒಳಗೆ ಹೋದರೆ ಎಂಟು ಕಂಪ್ಯೂಟರು. ಯುಪಿಎಸ್ ಬ್ಯಾಟರಿ ಊದಿಕೊಂಡು ಸತ್ತಿತ್ತು, ಇಲಿ ವೈರು ಕಡಿದಿತ್ತು. ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿ ಆನ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದದ್ದು ಕಂಪನಿ ಕಳಿಸಿದ್ದ ತರಬೇತುದಾರನಿಗೆ ಮಾತ್ರ. ಅವನ ನಂಬರ್ ಯಾರ ಹತ್ತಿರವೂ ಇರಲಿಲ್ಲ. ನಡಾವಳಿ ಪುಸ್ತಕ ತಿರುವಿದರೆ ‘ದಾನಿಗಳಿಂದ ಕಂಪ್ಯೂಟರ್ ಸ್ವೀಕರಿಸಲಾಯಿತು’ ಎಂಬ ಒಂದೇ ಸಾಲು. ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ನಾಲ್ಕು ವರ್ಷ ಆ ಶಾಲೆಯ ಮಕ್ಕಳು ಮುಚ್ಚಿದ ಬಾಗಿಲು ನೋಡಿಕೊಂಡೇ ಏಳನೇ ತರಗತಿ ಮುಗಿಸಿ ಹೋದರು.

ಅಂದಿನಿಂದ ನನಗೆ ಒಂದು ಮಾತು ಖಚಿತವಾಗಿದೆ. ಕಂಪನಿ ಕೊಡುವ ಯಂತ್ರಕ್ಕಿಂತ, ಆ ಯಂತ್ರ ಯಾತಕ್ಕೆ ಬೇಕು ಎಂದು ಶಾಲೆ ಬರೆದಿಡುವ ಕಾಗದ ಮುಖ್ಯ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಕಡೆಯ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ತಂದೆ ತಾಯಂದಿರು, ಹಳೆಯ ವಿದ್ಯಾರ್ಥಿಗಳು ಆ ಕಾಗದವನ್ನು ಹೇಗೆ ಬರೆಯಬಹುದು, ಯಾರಿಗೆ ಕೊಡಬಹುದು, ಏನೇನು ಕೇಳಬಹುದು ಎಂಬುದಕ್ಕೆ ಈ ಲೇಖನ.

ಕಂಪನಿಗೆ ಅವಸರ ಯಾಕೆ

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಸಂಪತ್ತು 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನಾದರೂ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಜನರ ಬಾಯಲ್ಲಿ ಇದೇ ‘ಸಿಎಸ್‌ಆರ್ ಫಂಡ್’. ಯಾವ ಯಾವ ಕೆಲಸಕ್ಕೆ ಕೊಡಬಹುದು ಎಂಬುದು ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಶಿಕ್ಷಣ ಅದರಲ್ಲಿ ಸೇರಿದೆ. ಇದು ಕಂಪನಿ ಮನಸ್ಸು ಬಂದಾಗ ಕೊಡುವ ಭಿಕ್ಷೆಯಲ್ಲ, ಕಾನೂನು ಹೇಳಿದ ಖರ್ಚು. ಆದ್ದರಿಂದ ಶಾಲೆಯವರು ಕೈಕಟ್ಟಿ ನಿಂತು ಮಾತಾಡಬೇಕಿಲ್ಲ.

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಖರ್ಚಾಗದೆ ಉಳಿದ ಹಣವನ್ನು ಸರ್ಕಾರ ಗೊತ್ತುಮಾಡಿದ ನಿಧಿಗೆ ಕಟ್ಟಬೇಕಾಗುತ್ತದೆ. ಮಾರ್ಚ್ ಹೊತ್ತಿನ ಅವಸರದ ಮೂಲ ಇಲ್ಲಿದೆ. ಆದರೆ ಬಹಳ ಶಾಲೆಗಳಿಗೆ ತಿಳಿಯದ ಸಂಗತಿ ಒಂದಿದೆ. ಕಂಪನಿ ನಿಮ್ಮ ಶಾಲೆಯ ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ತೀರ್ಮಾನಿಸಿದರೆ, ಶುರುವಾದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷದವರೆಗೆ ಅದನ್ನು ನಡೆಸಬಹುದು. ಆ ವರ್ಷದ ಉಳಿಕೆ ಹಣವನ್ನು 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿದರಾಯಿತು. ಹಾಗಾಗಿ ‘ಮಾರ್ಚ್‌ನಲ್ಲೇ ಇಳಿಸಬೇಕು’ ಎಂದವರಿಗೆ, ‘ಒಪ್ಪಂದ ಈಗ ಮಾಡೋಣ, ಸಾಮಾನು ಜೂನ್‌ನಲ್ಲಿ ಕೊಡಿ, ಎರಡನೆಯ ವರ್ಷದ ನಿರ್ವಹಣೆಯನ್ನೂ ಇದರಲ್ಲೇ ಸೇರಿಸಿ’ ಎಂದು ಕೇಳಲು ಕಾನೂನಿನಲ್ಲೇ ದಾರಿ ಇದೆ. ಕೇಳಿ ನೋಡಿ.

ಇನ್ನೆರಡು ನಿಯಮ ನೆನಪಿರಲಿ. ತನ್ನ ಉದ್ಯೋಗಿಗಳಿಗೆ ಮಾತ್ರ ಅನುಕೂಲವಾಗುವ ಕೆಲಸ, ತನ್ನ ಸರಕಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವ ಇವು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ಗೋಡೆ ತುಂಬ ಕಂಪನಿಯ ಬಣ್ಣ, ಲಾಂಛನ ಬಳಿಯಲು ಬಂದರೆ ಒಂದು ನಾಮಫಲಕ ಸಾಕು ಎಂದು ಗಟ್ಟಿಯಾಗಿ ಹೇಳಬಹುದು. ಕಂಪನಿಯ ಪರವಾಗಿ ಟ್ರಸ್ಟ್ ಅಥವಾ ಸಂಸ್ಥೆಯೊಂದು ಬಂದಿದ್ದರೆ ಅದರ ಸಿಎಸ್‌ಆರ್ ನೋಂದಣಿ ಸಂಖ್ಯೆ ಕೇಳಿ. 2021ರ ಏಪ್ರಿಲ್‌ನಿಂದ ಅಂಥ ಸಂಸ್ಥೆಗಳಿಗೆ ನೋಂದಣಿ ಕಡ್ಡಾಯ. ನಂಬರ್ ಕೇಳಿದ ಕೂಡಲೇ ಮಾತು ತೇಲಿಸುವವರನ್ನು ಅಲ್ಲಿಗೇ ಬಿಡಿ.

ನಮ್ಮ ಸುತ್ತ ಯಾರಿದ್ದಾರೆ

ಕಂಪನಿ ತಾನು ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಆದ್ಯತೆ ಅಷ್ಟೇ, ಕಡ್ಡಾಯವಲ್ಲ. ಆದರೂ ಕೇಳುವವರಿಗೆ ಅದೊಂದು ಹಿಡಿಕೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಸರ್ಕಾರಿ ಉದ್ದಿಮೆಗಳಿಗೂ ಸಿಎಸ್‌ಆರ್ ನಿಯಮ ಅನ್ವಯಿಸುತ್ತದೆ. ತುಮಕೂರಿನ ಮಗ್ಗುಲಲ್ಲಿ ವಸಂತನರಸಾಪುರ ಕೈಗಾರಿಕಾ ಪ್ರದೇಶ. 2014ರ ಸೆಪ್ಟೆಂಬರ್ 24ರಂದು ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಮೇಲೆ ಕಾರ್ಖಾನೆಗಳು ಬೆಳೆಯುತ್ತಲೇ ಇವೆ. ಕುಣಿಗಲ್ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಪಕ್ಕದಲ್ಲೇ ಅಂಚೇಪಾಳ್ಯ ಕೈಗಾರಿಕಾ ಪ್ರದೇಶ. ಬೆಂಗಳೂರಿನ ಐಟಿ ಕಂಪನಿಯ ಉದ್ಯೋಗಿಗಳು ಶನಿವಾರ ಬೆಳಿಗ್ಗೆ ಹೊರಟು ಒಂದು ತರಗತಿ ನಡೆಸಿ ಮಧ್ಯಾಹ್ನ ಊರು ಸೇರಬಹುದಾದಷ್ಟು ಹತ್ತಿರ. ತುಮಕೂರು ನಗರದ ಸಂಗತಿ ಸ್ವಲ್ಪ ಬೇರೆ. 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ಇದು, ದಾನಿಗಳ ಕಣ್ಣು ಮೊದಲು ಬೀಳುವುದು ನಗರದ ಶಾಲೆಗಳ ಮೇಲೆಯೇ. ಹೆದ್ದಾರಿಯಿಂದ ಐದಾರು ಕಿಲೋಮೀಟರ್ ಒಳಗಿರುವ, ಬಸ್ಸು ದಿನಕ್ಕೆ ಎರಡು ಸಲ ಬರುವ ಊರಿನ ಶಾಲೆಯನ್ನು ಯಾರೂ ತಾವಾಗಿ ಹುಡುಕಿಕೊಂಡು ಬರುವುದಿಲ್ಲ. ಅಂಥ ಶಾಲೆಯೇ ಮೊದಲು ಪತ್ರ ಬರೆಯಬೇಕು.

ಕಂಪನಿಗಳನ್ನು ಹುಡುಕಲು ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್ ಇದೆ. ಯಾವ ಕಂಪನಿ ಯಾವ ರಾಜ್ಯದಲ್ಲಿ, ಯಾವ ಕ್ಷೇತ್ರಕ್ಕೆ ಎಷ್ಟು ಖರ್ಚು ಮಾಡಿತು ಎಂಬುದು ಅಲ್ಲಿ ಯಾರಿಗಾದರೂ ಸಿಗುತ್ತದೆ. ಕಂಪನಿಗೆ ವೆಬ್‌ಸೈಟ್ ಇದ್ದರೆ ತನ್ನ ಸಿಎಸ್‌ಆರ್ ಸಮಿತಿಯ ಸದಸ್ಯರು, ನೀತಿ, ಒಪ್ಪಿಗೆಯಾದ ಯೋಜನೆಗಳನ್ನು ಅದರಲ್ಲಿ ಹಾಕಬೇಕೆಂಬ ನಿಯಮವೂ ಇದೆ. ಇನ್ನೊಂದು ದಾರಿ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್. 2021ರ ಸೆಪ್ಟೆಂಬರ್ 7ರಂದು ಹೊಸ ರೂಪದಲ್ಲಿ ಶುರುವಾದ ಇದರಲ್ಲಿ ಶಾಲೆ ತನ್ನ 11 ಅಂಕಿಯ ಯುಡೈಸ್ ಸಂಖ್ಯೆಯಿಂದ ನೋಂದಾಯಿಸಿಕೊಂಡು ತನಗೆ ಬೇಕಾದದ್ದನ್ನು ಪಟ್ಟಿ ಮಾಡಬಹುದು. ದಾನಿಗಳು ಆ ಪಟ್ಟಿ ನೋಡಿ ಮುಂದೆ ಬರುತ್ತಾರೆ. ಒಬ್ಬರು ಬಿಡುವು ಮಾಡಿಕೊಂಡು ಕೂತರೆ ಅರ್ಧ ದಿನದ ಕೆಲಸ. ಊರಿನ ಪದವಿ ಓದುವ ಹುಡುಗ, ಹುಡುಗಿಯರು ಮೇಷ್ಟ್ರ ಪಕ್ಕ ಕೂತು ಸಹಾಯ ಮಾಡಬಹುದು. ಪಾಸ್‌ವರ್ಡ್ ಮಾತ್ರ ಮುಖ್ಯ ಶಿಕ್ಷಕರ ಹತ್ತಿರವೇ ಇರಲಿ.

ಪತ್ರ ಕಳಿಸುವುದಕ್ಕೆ ಹದವಾದ ಕಾಲ ಏಪ್ರಿಲ್‌ನಿಂದ ಜುಲೈ. ಕಂಪನಿಗಳು ವರ್ಷದ ಯೋಜನೆ ಹಾಕುವುದು ಆ ಹೊತ್ತಿನಲ್ಲಿ.

ಹಿಂದೆ ಆದದ್ದು

ಶಾಲೆಗೆ ಹೊರಗಿನವರಿಂದ ಕಂಪ್ಯೂಟರ್ ತರುವ ದಾರಿಯಲ್ಲಿ ಕರ್ನಾಟಕ ಕಾಲು ಶತಮಾನದಿಂದ ನಡೆಯುತ್ತಿದೆ. 2001ರ ಹೊತ್ತಿನ ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಪಾಠವನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಯಂತ್ರ ಅವರದ್ದು, ಹೇಳಿಕೊಡುವವರೂ ಅವರದ್ದೇ ಜನ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇಂಥ ಹೊರಗುತ್ತಿಗೆಯ ಪದ್ಧತಿಯನ್ನೂ ಕೇರಳದ ಪದ್ಧತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಅಧ್ಯಯನ ಮಾಡಿತು. ಹೊರಗಿನವರು ಬಂದು ಕಲಿಸುವಲ್ಲಿ ಶಾಲೆಯ ಶಿಕ್ಷಕರು ಲ್ಯಾಬಿನಿಂದ ದೂರವೇ ಉಳಿಯುತ್ತಾರೆ, ಗಣಿತಕ್ಕೂ ವಿಜ್ಞಾನಕ್ಕೂ ಕಂಪ್ಯೂಟರಿಗೂ ನಂಟು ಬೆಳೆಯುವುದಿಲ್ಲ ಎಂಬುದು ಅದು ಕಂಡ ಮುಖ್ಯ ಸಂಗತಿ.

ಕೇರಳ 2001ರಲ್ಲಿ ಐಟಿ@ಸ್ಕೂಲ್ ಶುರುಮಾಡಿದಾಗ ಶಾಲೆಯ ಶಿಕ್ಷಕರನ್ನೇ ತರಬೇತು ಮಾಡಿತು, ಅವರಲ್ಲೇ ಕೆಲವರನ್ನು ಮುಖ್ಯ ತರಬೇತುದಾರರನ್ನಾಗಿ ಮಾಡಿತು, ದುಡ್ಡು ಕೊಡಬೇಕಿಲ್ಲದ ಮುಕ್ತ ತಂತ್ರಾಂಶಕ್ಕೆ ಹೋಯಿತು. ಅದೇ ಇಂದಿನ ‘ಕೈಟ್’ ಸಂಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೇ ಓದುತ್ತಾರೆ. ನಮ್ಮ ಭಾಷೆಯಲ್ಲಿ ಇದು ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ಗಡಿಯಾಚೆ ತೋರಿಸಿ.

ದಾನಿಗಳ ಕಡೆಯಿಂದಲೂ ಒಂದು ಪಾಠವಿದೆ. 2001ರಲ್ಲಿ ಕೆಲಸ ಆರಂಭಿಸಿದ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೊದಲ ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಆಧರಿತ ಕಲಿಕೆಗೆ ಬಹಳ ಶ್ರಮ ಹಾಕಿತು. ಕನ್ನಡ ಸೇರಿ ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿಸಿತು. ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯಲ್ಲಿ ಬರೆದು, ತಂತ್ರಜ್ಞಾನದಿಂದ ಆಗುವುದಕ್ಕೆ ಮಿತಿ ಇದೆ, ಶಿಕ್ಷಕರ ಜಾಗವನ್ನು ಅದು ತುಂಬಲಾರದು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಫೌಂಡೇಷನ್ ಶಿಕ್ಷಕರ ಜೊತೆಗಿನ ಕೆಲಸದ ಕಡೆಗೆ ತಿರುಗಿತು. ಐಟಿ ದುಡ್ಡಿನಿಂದಲೇ ಹುಟ್ಟಿದ ಸಂಸ್ಥೆಯೊಂದು ತನ್ನ ಅನುಭವದಿಂದ ಹೇಳಿದ ಈ ಮಾತನ್ನು ಪ್ರತಿ ದಾನಿಯೂ ಓದಬೇಕು ಎಂದು ನನ್ನ ಆಸೆ. ಹೊರದೇಶದ ಅನುಭವವೂ ಇದೇ. ಪೆರು ದೇಶ ಬಡ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಅಧ್ಯಯನ ಮಾಡಿದವರಿಗೆ ಆ ಮಕ್ಕಳ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ.

ಇನ್ನೊಂದು ನೆರೆಯದೇ ಕಥೆ. ಪಾವಗಡ ದಾಟಿದರೆ ಆಂಧ್ರ. ಅಲ್ಲಿನ ಸರ್ಕಾರ 2022ರ ಜೂನ್‌ನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಡಿಸೆಂಬರ್‌ನಲ್ಲಿ ಎಂಟನೇ ತರಗತಿಯವರಿಗೆ ಆ ಕಂಪನಿಯ ಪಾಠ ತುಂಬಿದ ಟ್ಯಾಬ್ ಹಂಚಿತು. 2024ರ ಜುಲೈನಲ್ಲಿ ಆ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕಂಪನಿ ಎಷ್ಟು ದೊಡ್ಡದಾದರೂ ನಮ್ಮ ಮಗು ಹತ್ತನೇ ತರಗತಿ ಮುಗಿಸುವವರೆಗೆ ಅದು ಇರುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಒಂದೇ ಆ್ಯಪ್‌ಗೆ ಕಟ್ಟಿಹಾಕಿದ ಟ್ಯಾಬ್ ಬೇಡ. ಆ್ಯಪ್ ತೆಗೆದರೂ ಕೆಲಸಕ್ಕೆ ಬರುವ ಟ್ಯಾಬ್ ಕೊಡಿ ಎಂದು ಕೇಳಿ.

ಮೊದಲ ಕಾಗದ ಶಾಲೆಯದು

ಕಂಪ್ಯೂಟರ್ ಬೇಕು ಎಂದು ಪತ್ರ ಶುರುಮಾಡಬೇಡಿ. ಮಕ್ಕಳಿಗೆ ಏನು ಬರುತ್ತಿಲ್ಲ ಎಂದು ಶುರುಮಾಡಿ. ಎಸ್‌ಡಿಎಂಸಿ ಸಭೆ ಕರೆದು ಶಿಕ್ಷಕರನ್ನೇ ಕೇಳಿ. ಒಬ್ಬರು ‘ಭಾಗಾಕಾರದಲ್ಲಿ ಎಡವುತ್ತಾರೆ’ ಎನ್ನಬಹುದು, ಇನ್ನೊಬ್ಬರು ‘ವಿಜ್ಞಾನದ ಚಿತ್ರ ತೋರಿಸಲು ಏನೂ ಇಲ್ಲ’ ಎನ್ನಬಹುದು. ಆ ಮಾತನ್ನೇ ಬರೆಯಿರಿ. ಒಂದು ಮಾದರಿ ಹೀಗಿರಬಹುದು, ಅಂಕಿಗಳನ್ನು ನಿಮ್ಮ ಶಾಲೆಗೆ ತಕ್ಕಂತೆ ಬದಲಿಸಿಕೊಳ್ಳಿ:

‘ಮಾನ್ಯರೇ, ನಮ್ಮ ಶಾಲೆಯಲ್ಲಿ 1ರಿಂದ 7ನೇ ತರಗತಿಯವರೆಗೆ 96 ಮಕ್ಕಳು, 5 ಜನ ಶಿಕ್ಷಕರು ಇದ್ದಾರೆ. 4 ಮತ್ತು 5ನೇ ತರಗತಿಯ 11 ಮಕ್ಕಳಿಗೆ ಕನ್ನಡವನ್ನು ಸರಾಗವಾಗಿ ಓದಲು ಬರುವುದಿಲ್ಲ. ಇವರಿಗೆ ದಿನಕ್ಕೆ ಅರ್ಧ ಗಂಟೆ ಕೇಳಿ, ಓದಿ ಅಭ್ಯಾಸ ಮಾಡಿಸಲು 4 ಟ್ಯಾಬ್, 4 ಹೆಡ್‌ಫೋನ್ ಬೇಕು. 6 ಮತ್ತು 7ನೇ ತರಗತಿಯ ವಿಜ್ಞಾನಕ್ಕೆ ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್ ಬೇಕು. ನಮ್ಮಲ್ಲಿ ಕಿಟಕಿಗೆ ಜಾಲರಿ ಇರುವ, ಸೋರದ ಒಂದು ಕೋಣೆ ಇದೆ, ಅರ್ತಿಂಗ್ ಇಲ್ಲ. ಇಬ್ಬರು ಶಿಕ್ಷಕರು ತರಬೇತಿ ಪಡೆಯಲು ಒಪ್ಪಿದ್ದಾರೆ. ತಿಂಗಳಿಗೊಮ್ಮೆ ಮಕ್ಕಳ ಓದಿನ ಪ್ರಗತಿಯನ್ನು ಹೆಸರಿಲ್ಲದೆ ನಿಮಗೆ ತಿಳಿಸುತ್ತೇವೆ. ಎಸ್‌ಡಿಎಂಸಿ ಸಭೆಯ ತೀರ್ಮಾನದ ಪ್ರತಿ ಲಗತ್ತಿಸಿದೆ.’

ಇಷ್ಟು ಸಾಕು, ಒಂದೇ ಪುಟ. ಇಂಥ ಪತ್ರ ಬಂದರೆ ಕಂಪನಿಯ ಸಿಎಸ್‌ಆರ್ ವಿಭಾಗದವರಿಗೂ ಮೇಲಿನವರಿಗೆ ಒಪ್ಪಿಸುವುದು ಸುಲಭ. ಮಕ್ಕಳ ಸಂಖ್ಯೆ ಮೂವತ್ತೋ ನಲವತ್ತೋ ಇರುವ ಶಾಲೆಗೆ ಹತ್ತು ಕಂಪ್ಯೂಟರಿನ ಲ್ಯಾಬ್ ಹೊರೆ. ಒಂದು ಟಿವಿ, ಒಂದು ಪೆನ್‌ಡ್ರೈವ್, ನಾಲ್ಕು ಟ್ಯಾಬ್ ಅಲ್ಲಿ ಹೆಚ್ಚು ಕೆಲಸ ಮಾಡುತ್ತವೆ. ಲಕ್ಷ ರೂಪಾಯಿ ಮೀರುವ ಸ್ಮಾರ್ಟ್ ಬೋರ್ಡ್ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಕೆಟ್ಟರೆ ರಿಪೇರಿಯವರು ಬೆಂಗಳೂರಿನಿಂದ ಬರಬೇಕು. ಎಷ್ಟು ಯಂತ್ರ ಎನ್ನುವುದಕ್ಕಿಂತ ವಾರಕ್ಕೆ ಎಷ್ಟು ಅವಧಿ, ಯಾವ ತರಗತಿ, ಯಾವ ಶಿಕ್ಷಕರು ಎಂಬುದನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ. ವೇಳಾಪಟ್ಟಿಯಲ್ಲಿ ಜಾಗವಿಲ್ಲದ ಯಂತ್ರಕ್ಕೆ ಶಾಲೆಯಲ್ಲೂ ಜಾಗವಿಲ್ಲ.

ತುಮಕೂರು ನಗರ, ಗುಬ್ಬಿ, ಕುಣಿಗಲ್ ಮೂರೂ ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ, ಮಧುಗಿರಿಯದು ಬೇರೆ. ಪತ್ರದ ಒಂದು ಪ್ರತಿಯನ್ನು ನಿಮ್ಮ ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹಲವು ಶಾಲೆಗಳಿಗೆ ಒಟ್ಟಿಗೆ ಒಪ್ಪಂದ ಮಾಡುವ ಕಂಪನಿಯಾದರೆ ಮಾತು ಡಿಡಿಪಿಐ ಕಚೇರಿಯ ಮಟ್ಟದಲ್ಲಿ ಆಗಲಿ. ಮುಖ್ಯ ಶಿಕ್ಷಕರೊಬ್ಬರೇ ಸಹಿ ಹಾಕುವ ರೂಢಿ ನಿಲ್ಲಬೇಕು. ನಾಳೆ ತೊಂದರೆಯಾದರೆ ಅವರೊಬ್ಬರೇ ಉತ್ತರ ಕೊಡಬೇಕಾಗುತ್ತದೆ, ಅದು ಅನ್ಯಾಯ.

ಸಹಿ ಹಾಕುವ ಮುಂಚೆ

ಒಪ್ಪಂದದ ಕಾಗದ ಇಂಗ್ಲಿಷ್‌ನಲ್ಲಿ ಬರುತ್ತದೆ. ಕನ್ನಡದ ಪ್ರತಿ ಕೇಳಿ, ಎಸ್‌ಡಿಎಂಸಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಆಮೇಲೆ ಕೇಳಬೇಕಾದದ್ದು ಇವು. ಸಾಮಾನು ಕೊಟ್ಟ ಮೇಲೆ ಯಾರ ಆಸ್ತಿ? ಸಿಎಸ್‌ಆರ್ ಹಣದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಶಾಲೆಯ ಹೆಸರಿಗೆ ಹಸ್ತಾಂತರ ಪತ್ರ ಬೇಕು, ದಾಸ್ತಾನು ವಹಿಯಲ್ಲಿ ಪ್ರತಿ ಯಂತ್ರದ ಕ್ರಮಸಂಖ್ಯೆ ಏರಬೇಕು. ಬಿಲ್ಲಿನ ಪ್ರತಿ ಕೈಗೆ ಬರುತ್ತದೆಯೇ? ವಾರಂಟಿ ಲೆಕ್ಕ ಬಿಲ್ಲಿನ ದಿನದಿಂದ, ಪೆಟ್ಟಿಗೆ ಬಿಚ್ಚಿದ ದಿನದಿಂದಲ್ಲ. ಎರಡನೇ, ಮೂರನೇ ವರ್ಷದ ರಿಪೇರಿ ಯಾರದು, ಎಷ್ಟು ದಿನದಲ್ಲಿ ಬರುತ್ತಾರೆ, ತುಮಕೂರಿನಲ್ಲೇ ಸರ್ವಿಸ್ ಸೆಂಟರ್ ಇದೆಯೇ? ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಬದಲಿಸಬೇಕು, ಆ ದುಡ್ಡು ಯಾರದು? ಅಡ್ಮಿನ್ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಶಾಲೆಯ ಬೀರುವಿನಲ್ಲಿ ಇರುತ್ತದೆಯೇ? ಮೊದಲ ವರ್ಷ ಉಚಿತ ಎಂದು ಕೊಡುವ ಪಾಠದ ತಂತ್ರಾಂಶ ಎರಡನೇ ವರ್ಷ ದುಡ್ಡು ಕೇಳುತ್ತದೆಯೇ?

ಶಿಕ್ಷಕರ ತರಬೇತಿಯ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರಿಗೆಂದೇ ಶಿಕ್ಷಕರ ಹುದ್ದೆ ಇಲ್ಲ. ಗಣಿತದ ಮೇಡಂ, ಸಮಾಜದ ಮೇಷ್ಟ್ರು, ಅವರೇ ನಡೆಸಬೇಕು. ಒಂದು ದಿನದ ‘ಓರಿಯೆಂಟೇಷನ್’ನಿಂದ ಏನೂ ಆಗದು. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ವರ್ಷವಿಡೀ ತಿಂಗಳಿಗೊಮ್ಮೆ ಯಾರಾದರೂ ಬಂದು ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಒಬ್ಬರನ್ನಲ್ಲ, ಕನಿಷ್ಠ ಇಬ್ಬರನ್ನು ತರಬೇತು ಮಾಡಬೇಕು. ಒಬ್ಬರಿಗೆ ವರ್ಗವಾದರೆ ಲ್ಯಾಬಿಗೆ ಬೀಗ ಬೀಳದಿರಲಿ. ರಾಜ್ಯ ಸರ್ಕಾರದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಪ್ರೌಢಶಾಲಾ ಶಿಕ್ಷಕರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಬಿಆರ್‌ಸಿಯಲ್ಲಿ ವಿಚಾರಿಸಿದರೆ ಹೆಸರು ಸಿಗುತ್ತದೆ. ಹೊರಗಿನ ತರಬೇತುದಾರನಿಗಿಂತ ಪಕ್ಕದೂರಿನ ಮೇಷ್ಟ್ರು ಹೇಳಿದ್ದು ಬೇಗ ತಲೆಗೆ ಹೋಗುತ್ತದೆ, ಇದು ನಾನು ಕಂಡದ್ದು.

ಹಳೆಯ ಕಂಪ್ಯೂಟರ್ ಕೊಡುವ ಕಂಪನಿಗಳೂ ಇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದಿದೆ. ಕಚೇರಿಗಳು ಬದಿಗಿಟ್ಟ ಇಂಥ ಯಂತ್ರಗಳನ್ನು ಶಾಲೆಗೆ ಕೊಡಲು ಬಂದರೆ ಬೇಡ ಎನ್ನಬೇಕಿಲ್ಲ. ಉಬುಂಟುವಿನಂಥ ಮುಕ್ತ ತಂತ್ರಾಂಶ ಹಾಕಿಸಿದರೆ ಇನ್ನೂ ನಾಲ್ಕಾರು ವರ್ಷ ದುಡಿಯುತ್ತವೆ, ಪೆನ್‌ಡ್ರೈವ್‌ನಿಂದ ಬರುವ ವೈರಸ್‌ನ ಕಾಟವೂ ಕಡಿಮೆ. ಆದರೆ ಅವು ಎಷ್ಟು ವರ್ಷದವು ಎಂದು ಬರೆಸಿಕೊಳ್ಳಿ. ಗುಜರಿಗೆ ಹೋಗಬೇಕಾದದ್ದು ಶಾಲೆಗೆ ಬರಬಾರದು. ಕೆಟ್ಟ ಯಂತ್ರವನ್ನು ಶಾಲೆಯೂ ಗುಜರಿಯವನಿಗೆ ಮಾರುವಂತಿಲ್ಲ. ಅದು ಇಲಾಖೆಯ ಆಸ್ತಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಹಿಂದಕ್ಕೆ ಒಯ್ಯುವ ಹೊಣೆ ಕೊಟ್ಟವರದೇ ಎಂದು ಒಪ್ಪಂದದಲ್ಲಿ ಸೇರಿಸಿಬಿಟ್ಟರೆ ಚಿಂತೆ ಇಲ್ಲ.

ಕನ್ನಡದ ಬಗ್ಗೆ ಒಂದು ಮಾತು. ಮಗು ಮೊದಲ ದಿನವೇ ತನ್ನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡುವಂತಿರಬೇಕು. ಯೂನಿಕೋಡ್ ಕನ್ನಡ, ನುಡಿ ಕೀಲಿಮಣೆ ಇಲ್ಲದ ಕಂಪ್ಯೂಟರನ್ನು ಸ್ವೀಕರಿಸಬೇಡಿ. ಚಿಕ್ಕ ಮಕ್ಕಳಿಗೆ ಜಿಕಾಂಪ್ರಿಸ್, ಗಣಿತಕ್ಕೆ ಜಿಯೋಜೀಬ್ರಾ, ವಿಜ್ಞಾನಕ್ಕೆ ಫೆಟ್ ಪ್ರಯೋಗಗಳು, ಪಠ್ಯದ ಕ್ಯೂಆರ್ ಕೋಡ್‌ಗೆ ದೀಕ್ಷಾ, ಶಿಕ್ಷಕರಿಗೆ ಕೋಯರ್ ಎಂದು ಕರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, ಇವೆಲ್ಲ ಬಿಟ್ಟಿ ಸಿಗುತ್ತವೆ. ದುಡ್ಡು ಕೊಟ್ಟು ಕೊಳ್ಳುವ ಪಾಠಕ್ಕೆ ಕಂಪನಿ ಹಾಕುವ ಹಣವನ್ನು ತರಬೇತಿಗೆ ಹಾಕಿ ಎಂದು ಹೇಳಲು ಹಿಂಜರಿಯಬೇಡಿ.

ಕೋಣೆ, ಕರೆಂಟು, ಗುಡುಗು

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಎಂದರೆ ಗುಡುಗು ಸಿಡಿಲಿನ ಮಳೆ. ತೆಂಗಿನ ಮರಗಳ ನಡುವೆ ಇರುವ ಶಾಲೆಗಳಿಗೆ ಇದರ ಅನುಭವ ಚೆನ್ನಾಗಿ ಇದೆ. ಶಾಲೆಗೆ ರಜೆ, ಪ್ಲಗ್ ಗೋಡೆಯಲ್ಲೇ, ಒಂದು ಸಿಡಿಲಿಗೆ ಯುಪಿಎಸ್, ಪ್ರೊಜೆಕ್ಟರ್, ಇಂಟರ್‌ನೆಟ್ ಡಬ್ಬ ಒಟ್ಟಿಗೆ ಸುಡುತ್ತವೆ. ರಜೆ ಬಿಡುವ ದಿನ ಎಲ್ಲ ಪ್ಲಗ್ ಕಿತ್ತು, ಕೇಬಲ್ ಬಿಚ್ಚಿಟ್ಟು, ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಹೋಗಬೇಕು. ಯಾರ ಹೊಣೆ ಎಂದು ಹೆಸರು ಬರೆದು ಬಾಗಿಲ ಒಳಗೆ ಅಂಟಿಸಿ. ಅರ್ತಿಂಗ್ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಮಾಡಿಸುವ ಖರ್ಚು ದೊಡ್ಡದಲ್ಲ. ಇದನ್ನು ದಾನಿಯ ಲೆಕ್ಕದಲ್ಲೇ ಸೇರಿಸಿ. ಇಲಿ ಬರದಂತೆ ವೈರಿಗೆ ಪೈಪ್ ಹಾಕಿಸಿ. ಕರೆಂಟ್ ಬಿಲ್ಲಿನ ಹೆದರಿಕೆ ಮೊದಲಿನಷ್ಟಿಲ್ಲ, 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತು, ನೀರು ಎಂದು ಮುಖ್ಯಮಂತ್ರಿ ಘೋಷಿಸಿದ್ದಾರೆ.

ಇಂಟರ್‌ನೆಟ್ ಬಗ್ಗೆ ಗ್ರಾಮ ಪಂಚಾಯಿತಿಯನ್ನು ಕೇಳಿ. ಸರ್ಕಾರಿ ಪ್ರೌಢಶಾಲೆಗಳಿಗೆಲ್ಲ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಪಂಚಾಯಿತಿ ಗ್ರಂಥಾಲಯ, ಅಂದರೆ ಅರಿವು ಕೇಂದ್ರಕ್ಕೆ, ಡೆಲ್ ಕಂಪನಿ ಮತ್ತು ಶಿಕ್ಷಣ ಫೌಂಡೇಷನ್ ಸೇರಿ ನಡೆಸುವ ಗ್ರಾಮ ಡಿಜಿ ವಿಕಸನ ಕಾರ್ಯಕ್ರಮದಲ್ಲಿ ಟಿವಿ, ಮೊಬೈಲು ಬಂದಿದ್ದರೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಅಲ್ಲಿಗೆ ಕಳಿಸಬಹುದು. ಒಂದೇ ಊರಿನಲ್ಲಿ ಎರಡು ಕಡೆ ಒಂದೇ ಸಾಮಾನು ಧೂಳು ತಿನ್ನುವುದು ಬೇಡ.

ಮಕ್ಕಳ ಹೆಸರು, ಮಕ್ಕಳ ಮುಖ

ಕಲಿಕೆಯ ಆ್ಯಪ್ ಮಗುವಿನ ಹೆಸರು, ಹುಟ್ಟಿದ ದಿನ, ಅಪ್ಪನ ಮೊಬೈಲ್ ನಂಬರ್ ಕೇಳುತ್ತದೆ. ಕೊಡಬೇಡಿ. ‘5ನೇ ತರಗತಿ, ಕ್ರಮಸಂಖ್ಯೆ 7’ ಎಂದರೆ ಕಲಿಸಲು ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಖಚಿತ ಒಪ್ಪಿಗೆ ಬೇಕು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ, ನಾವು ಅದಕ್ಕೆ ಕಾಯಬೇಕಿಲ್ಲ. ಆಧಾರ್ ಸಂಖ್ಯೆ, ಇಲಾಖೆ ಮಗುವಿಗೆ ಕೊಟ್ಟ ಎಸ್‌ಎಟಿಎಸ್ ಸಂಖ್ಯೆ ಯಾವ ಕಂಪನಿಗೂ ಬೇಡ. ಫೋಟೊಕ್ಕೂ ಇದೇ ಮಾತು. ಬಡ ಮಗು ಎಂದು ಅಡಿಬರಹ ಹಾಕಿ ಕಂಪನಿಯ ವರದಿಯಲ್ಲಿ ಮುಖ ಅಚ್ಚಾಗುವುದು ಆ ಮಗುವಿಗೆ ಮುಂದೆ ನೋವಾಗುವ ಸಂಗತಿ. ಪೋಷಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಸ್ವಯಂಸೇವಕರು ಬಂದಾಗ ಶಿಕ್ಷಕರೊಬ್ಬರು ತರಗತಿಯಲ್ಲೇ ಇರಬೇಕು, ಮಕ್ಕಳ ಮೊಬೈಲ್ ನಂಬರ್ ಹಂಚಿಕೊಳ್ಳುವುದು ಬೇಡವೇ ಬೇಡ.

ಮನೆಯಲ್ಲಿ ಮೊಬೈಲ್ ಇಲ್ಲದ ಮಗು ಈಗ ಅಪರೂಪ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದ 14ರಿಂದ 16 ವರ್ಷದ, ಸ್ಮಾರ್ಟ್‌ಫೋನ್ ಬಳಸಲು ಬರುವ ಮಕ್ಕಳಲ್ಲಿ ಹಿಂದಿನ ವಾರ ಓದಿಗಾಗಿ ಸ್ಮಾರ್ಟ್‌ಫೋನ್ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಯಂತ್ರ ಮಕ್ಕಳ ಕೈಗೆ ಆಗಲೇ ಬಂದಾಗಿದೆ. ಅದರಿಂದ ಕಲಿಯುವುದು ಹೇಗೆಂದು ಪಕ್ಕದಲ್ಲಿ ಕೂತು ತೋರಿಸುವ ದೊಡ್ಡವರು ಬೇಕಾಗಿದ್ದಾರೆ. ಕಂಪನಿಯವರು ಕೊಡಬಹುದಾದದ್ದರಲ್ಲಿ ಬೆಲೆಯುಳ್ಳದ್ದು ಅವರ ಉದ್ಯೋಗಿಗಳ ಸಮಯವೇ, ಒಬ್ಬ ಎಂಜಿನಿಯರ್ ವರ್ಷವಿಡೀ ತಿಂಗಳಿಗೊಂದು ಶನಿವಾರ ತಪ್ಪದೆ ಬಂದರೆ ಹತ್ತು ಪೆಟ್ಟಿಗೆಗಿಂತ ಹೆಚ್ಚು. ಪತ್ರದಲ್ಲಿ ಅದನ್ನೂ ಕೇಳಿ.

ಒಪ್ಪಂದದ ಪ್ರತಿ ಗುಟ್ಟಿನ ಕಾಗದವಲ್ಲ. ಸರ್ಕಾರಿ ಶಾಲೆಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ, ಯಾವ ಪೋಷಕರೂ ಕೇಳಿ ಪಡೆಯಬಹುದು. ಶಾಲೆಯೇ ಅದನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಇನ್ನೂ ಒಳ್ಳೆಯದು.

ನಿಮ್ಮೂರಿನ ಶಾಲೆಯಲ್ಲಿ ಈಗಾಗಲೇ ಕೊಡುಗೆಯ ಕಂಪ್ಯೂಟರ್ ಇದ್ದರೆ, ಹೊಸದಕ್ಕೆ ಪತ್ರ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ, ಬಾಗಿಲು ತೆಗೆಸಿ, ಒಂದೊಂದನ್ನೂ ಆನ್ ಮಾಡಿಸಿ ನೋಡಿ. ಎಷ್ಟು ಆನ್ ಆದವು, ಎಷ್ಟು ಆಗಲಿಲ್ಲ ಎಂಬುದನ್ನು ಅಂದೇ ನಡಾವಳಿ ಪುಸ್ತಕದಲ್ಲಿ ಬರೆಸಿ.